ಹಾಲಿಗೆ ಒಂದೇ ಗಾಡಿ, ತರಕಾರಿಗೆ ನಾಲ್ಕೇಕೆ?

ಕರ್ನಾಟಕದಲ್ಲಿ 1974ರಲ್ಲಿ ಆನಂದ್ ಮಾದರಿಯ ಹೈನು ಅಭಿವೃದ್ಧಿ ಕಾರ್ಯ ಆರಂಭವಾದಂದಿನಿಂದ ನಮ್ಮ ಹಳ್ಳಿಗಳು ಒಂದು ಒಳ್ಳೆಯ ಪಾಠ ಕಲಿತಿವೆ. ಎರಡು ಲೀಟರ್ ಹಾಲು ಹಾಕುವವರೂ ಇಪ್ಪತ್ತು ಲೀಟರ್ ಹಾಕುವವರೂ ಸಂಘದ ಮುಂದೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅಳತೆ ಮತ್ತು ಹಣ ಅವರವರದು. ಹಾಲು ಸಾಗಿಸುವ ಗಾಡಿ ಮಾತ್ರ ಎಲ್ಲರದು.

ಅದೇ ಊರಿನ ತರಕಾರಿಯ ಕತೆಯೇ ಬೇರೆ. ಒಂದೇ ಮಾರುಕಟ್ಟೆಗೆ, ಒಂದೇ ರಾತ್ರಿ, ನಾಲ್ವರು ರೈತರು ನಾಲ್ಕು ಪಿಕಪ್ ಗಾಡಿ ಹಿಡಿಯುತ್ತಾರೆ. ನಾಲ್ಕೂ ಅರ್ಧ ತುಂಬಿ ಹೋಗಿ ಖಾಲಿ ಬರುತ್ತವೆ. ಬಾಡಿಗೆ ಮಾತ್ರ ಪೂರ್ತಿ ತೆರಬೇಕು.

ಲೆಕ್ಕ ಹಾಕಿ ನೋಡೋಣ. ಮಾರುಕಟ್ಟೆ 60 ಕಿಲೋಮೀಟರ್ ದೂರವಿದ್ದು, ಗಾಡಿ ಲೀಟರಿಗೆ 12 ಕಿಲೋಮೀಟರ್ ಓಡಿದರೆ, ಹೋಗಿ ಬರಲು 10 ಲೀಟರ್ ಡೀಸೆಲ್ ಬೇಕು. ನಾಲ್ಕು ಗಾಡಿಯ ಮಾಲು ಎರಡರಲ್ಲಿ ಹೋದರೆ ಒಂದು ರಾತ್ರಿಗೆ ಸುಮಾರು 20 ಲೀಟರ್ ಉಳಿತಾಯ. ತುಂಬಿದ ಗಾಡಿ ತುಸು ಹೆಚ್ಚು ಡೀಸೆಲ್ ಕುಡಿದರೂ ಲಾಭಕ್ಕೆ ಮೋಸವಿಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಭೂಮಿಯ ಕಾವು ಏರಿ ಮಳೆ ಹದ ತಪ್ಪಿದಾಗ ಮೊದಲು ನಷ್ಟ ಅನುಭವಿಸುವವನು ರೈತನೇ ಎಂಬುದನ್ನು ಮರೆಯಬಾರದು.

ಕೂಡಿ ಸಾಗಿಸುವ ಪ್ರಯತ್ನಗಳು ಹೆಚ್ಚಾಗಿ ಮುರಿಯುವುದು ಅನುಮಾನದಿಂದ. ಆದ್ದರಿಂದ ಈ ಕ್ರಮಗಳು ಅವಶ್ಯಕ: ಪ್ರತಿಯೊಬ್ಬರ ಕ್ರೇಟಿಗೂ ಬೇರೆ ಬಣ್ಣದ ಗುರುತಿರಲಿ. ಊರಲ್ಲೇ ತೂಕ ಮಾಡಿ ಚೀಟಿ ಬರೆಯಿರಿ. ಮಂಡಿಯಲ್ಲಿ ಅವರವರ ಹೆಸರಿಗೇ ಪಟ್ಟಿ ಪಡೆಯಿರಿ. ಬಾಡಿಗೆಯನ್ನು ತಲಾವಾರು ಹಂಚದೆ ಕ್ರೇಟಿನ ಲೆಕ್ಕದಲ್ಲಿ ಹಂಚಿಕೊಳ್ಳಿ. ಗಾಡಿ ಹೊರಡುವ ಗಂಟೆಯನ್ನು ಯಾರಿಗಾಗಿಯೂ ಮುಂದೂಡಬೇಡಿ.

ಮಾಲು ಜೋಡಿಸುವಾಗಲೂ ಎಚ್ಚರ ಬೇಕು. ಮಾಗಿದ ಬಾಳೆ, ಮಾವು, ಟೊಮೇಟೊ ಹಣ್ಣುಗಳು ಎಥಿಲೀನ್ ಅನಿಲ ಬಿಡುವುದರಿಂದ ಪಕ್ಕದ ಸೊಪ್ಪು ಬೇಗ ಹಳದಿಯಾಗುತ್ತದೆ. ಅವನ್ನು ದೂರ ಇರಿಸಿ. ಹಿಂತಿರುಗುವಾಗ ಖಾಲಿ ಕ್ರೇಟುಗಳ ಜೊತೆಗೆ ಊರಿಗೆ ಬೇಕಾದ ಹಿಂಡಿ, ಬೂಸಾ ತರಬಹುದು. ತರಕಾರಿ ಸಾಗಿಸುವ ಗಾಡಿಯಲ್ಲಿ ಕೀಟನಾಶಕವನ್ನು ಮಾತ್ರ ತರಕೂಡದು.

ಇದಕ್ಕೆ ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಬೇಡ. ಊರಿನ ಸಹಕಾರ ಸಂಘವೋ ರೈತ ಉತ್ಪಾದಕ ಕಂಪನಿಯೋ ಮುಂದಾಗಲಿ. ಅವು ಇಲ್ಲದ ಕಡೆ ಐದಾರು ನೆರೆಹೊರೆಯವರೇ ಸಾಕು. ಬರುವ ಕೊಯ್ಲಿಗೆ ಮೊದಲೇ ಒಂದು ಸಂಜೆ ಕೂಡಿ ಕುಳಿತು, ಯಾರ ಮಾಲು ಯಾವ ದಿನ ಎಷ್ಟು ಬರುವುದೆಂದು ಬರೆದುಕೊಳ್ಳಿರಿ.