ಅರ್ಜಿಯಲ್ಲಿ ಕನ್ನಡಕ್ಕೆ ಸ್ಥಳವೆಲ್ಲಿ?

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಯಾವುದೇ ಸರಕಾರಿ ಕಚೇರಿಯಲ್ಲಿ ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದ ಅರ್ಜಿಯನ್ನು ಕೊಟ್ಟರೆ, ಭಾಷೆಯ ಕಾರಣದಿಂದ ಅದನ್ನು ಹಿಂದಿರುಗಿಸುವ ಅಧಿಕಾರ ಅಲ್ಲಿನ ಅಧಿಕಾರಿಗೆ ಇಲ್ಲ. 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯ 3ನೆಯ ಕಲಂ ಈ ವಿಷಯದಲ್ಲಿ ಸಂದಿಗ್ಧಕ್ಕೆ ಎಡೆಯಿಟ್ಟಿಲ್ಲ. ಸೆಕ್ರೆಟರಿಯೇಟಿನೊಡನೆ, ಇಲಾಖಾ ಮುಖ್ಯಸ್ಥರೊಡನೆ ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿನ ಎಲ್ಲ ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸಬಹುದು; ಅದಕ್ಕೆ ಬರುವ ಉತ್ತರವೂ ಕನ್ನಡದಲ್ಲಿಯೇ ಇರತಕ್ಕದ್ದು. ಕಾಯಿದೆಯ ಈ ಎರಡನೆಯ ಭಾಗವನ್ನು ನಮ್ಮವರೇ ಅನೇಕರು ಮರೆತಿದ್ದಾರೆ.

ಆದರೆ ಈಗ ಅರ್ಜಿ ಕೊಡುವ ಜಾಗವೇ ಬದಲಾಗಿದೆ. ವರಮಾನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಭೂಕಂದಾಯ, ಪೋಕುವರವು, ಮನೆ ಕಟ್ಟುವ ಪರವಾನಗಿ ಎಲ್ಲವೂ ಪರದೆಯ ಮೇಲೆ ಬಂದಿವೆ. ಸ್ಥಳೀಯಾಡಳಿತ ಸಂಸ್ಥೆಗಳ ಕೆ-ಸ್ಮಾರ್ಟ್ ವ್ಯವಸ್ಥೆ 2024ರ ಜನವರಿಯಲ್ಲಿ ನಗರಗಳಲ್ಲಿ ಆರಂಭವಾಗಿ 2025ರ ಏಪ್ರಿಲ್‌ನಲ್ಲಿ ಗ್ರಾಮ ಪಂಚಾಯತುಗಳನ್ನೂ ತಲುಪಿತು. ಇದರಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಪ್ರಮಾಣಪತ್ರಕ್ಕಾಗಿ ಮೂರು ದಿನದ ಕೂಲಿ ಕಳೆದುಕೊಂಡು, ಬಸ್ಸು ಹಿಡಿದು ತಾಲೂಕು ಕಚೇರಿಗೆ ಅಲೆದವರಿಗೆ ಅದು ಗೊತ್ತು. ಕಡತ ಯಾವ ಮೇಜಿನ ಮೇಲೆ ಕುಳಿತಿದೆಯೆಂದು ಮನೆಯಿಂದಲೇ ನೋಡಬಹುದಾದದ್ದು ಸಣ್ಣ ಸಂಗತಿಯಲ್ಲ.

ನನ್ನ ತಕರಾರು ಬೇರೆ. ಬಿಳಿ ಹಾಳೆಗೆ ಭಾಷೆಯಿಲ್ಲ. ಬರೆದವನ ಭಾಷೆಯೇ ಅದರ ಭಾಷೆ. ಪರದೆಯ ಅರ್ಜಿ ಹಾಗಲ್ಲ, ಅದು ತನ್ನ ಭಾಷೆಯನ್ನು ಮೊದಲೇ ನಿಶ್ಚಯಿಸಿಕೊಂಡು ಬಂದಿರುತ್ತದೆ. ನನ್ನ ಕಕ್ಷಿದಾರರ ಪರವಾಗಿ ನಾನು ತುಂಬಿಸುವ ಅರ್ಜಿಗಳಲ್ಲಿ ಇಂಗ್ಲಿಷನ್ನೂ ಮಲಯಾಳವನ್ನೂ ಕಾಣುತ್ತೇನೆ. ಕನ್ನಡದಲ್ಲಿ ಹೆಸರು ಬರೆಯುವ ಕೋಷ್ಟಕ ಕಂಡದ್ದು ಅಪರೂಪ. ಹೀಗೆ, ವಿಧಾನಸಭೆ ರದ್ದುಮಾಡದ ಹಕ್ಕೊಂದು ಯಾರ ಆದೇಶವೂ ಇಲ್ಲದೆ ಬಳಕೆಯಿಂದ ಜಾರಿಹೋಗುತ್ತಿದೆ. ಆದೇಶವಾಗಿದ್ದರೆ ಅದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಿತ್ತು. ಇಲ್ಲದ ಕೋಷ್ಟಕವನ್ನು ಪ್ರಶ್ನಿಸುವುದು ಹೇಗೆ?

ಕನ್ನಡದ ಗುಂಡಿಯೊಂದನ್ನು ಸೇರಿಸಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಸಾಲದು. ಅರ್ಜಿಯ ಶೀರ್ಷಿಕೆಗಳು ಕನ್ನಡವಾದರೂ ಒಳಗೆ ತುಂಬಿಸುವುದು ಇಂಗ್ಲಿಷಿನಲ್ಲಿ, ಹೊರಬರುವ ಆದೇಶ ಮಲಯಾಳದಲ್ಲಿ ಎಂದಾದರೆ ಕಾಯಿದೆ ಹೇಳಿದ ಪತ್ರವ್ಯವಹಾರ ನಡೆದಂತಾಗಲಿಲ್ಲ.

ಇದು ಬರಿಯ ಅಭಿಮಾನದ ಪ್ರಶ್ನೆಯೆಂದು ತಿಳಿಯುವವರು ಭೂಮಿಯ ಕಡತಗಳನ್ನು ಬಿಚ್ಚಿ ನೋಡಬೇಕು. 1956ರವರೆಗೆ ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವರು. ಅಜ್ಜಂದಿರ ಕಾಲದ ಪಾಲುಪಟ್ಟಿ, ಮೂಲಗೇಣಿ ಪತ್ರ, ಕ್ರಯಪತ್ರಗಳು ಇಲ್ಲಿನ ಅನೇಕ ಮನೆಗಳಲ್ಲಿ ಕನ್ನಡದಲ್ಲಿಯೇ ಇವೆ. ಅವುಗಳಲ್ಲಿ ಗದ್ದೆಗೆ ಮೂರು ಹೆಸರು: ಬೈಲು, ಮಜಲು, ಬೆಟ್ಟು. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ಕೇರಳದ ಮೂಲ ತೆರಿಗೆ ದಾಖಲೆಯಲ್ಲಿ ಮುಖ್ಯವಾಗಿ ಕಾಣುವುದು ಎರಡು ವರ್ಗ: ನಿಲಂ ಮತ್ತು ಪುರಯಿಡಂ. ಮೂರನ್ನು ಎರಡಕ್ಕೆ ಇಳಿಸುವಾಗ ಬೆಟ್ಟು ಎಲ್ಲಿ ಬೀಳುತ್ತದೆ? ‘ನಿಲಂ’ ಎಂದು ಬಿದ್ದರೆ 2008ರ ಭತ್ತದ ಗದ್ದೆ ಹಾಗೂ ಜೌಗುಪ್ರದೇಶ ಸಂರಕ್ಷಣಾ ಕಾಯಿದೆ ಎದುರು ನಿಲ್ಲುತ್ತದೆ. ಆ ಕಾಯಿದೆಯ ಉದ್ದೇಶ ಒಳ್ಳೆಯದೇ, ಅದರ ಬಗ್ಗೆ ನನಗೆ ಭಿನ್ನಮತವಿಲ್ಲ. ಆದರೆ 2008ಕ್ಕೆ ಬಹು ಮೊದಲೇ ಅಡಿಕೆ ತೋಟವಾಗಿದ್ದ ಬೆಟ್ಟು ಜಾಗ ಡೇಟಾ ಬ್ಯಾಂಕಿನಲ್ಲಿ ಗದ್ದೆಯಾಗಿ ಸೇರಿಕೊಂಡಿದ್ದರೆ, ಅದನ್ನು ತೆಗೆಸಲು ಮಾಲಕನು 5ನೆಯ ನಮೂನೆಯಲ್ಲಿ ಆನ್‌ಲೈನ್ ಅರ್ಜಿ ಹಾಕಬೇಕು. ಅವನ ಕೈಯಲ್ಲಿರುವ ಸಾಕ್ಷ್ಯ ಕನ್ನಡದ ಹಳೆಯ ಪತ್ರ. ಅದನ್ನು ಸ್ಕ್ಯಾನ್ ಮಾಡಿ ಏರಿಸಬಹುದು, ನಿಜ. ಆ ಕಡತವನ್ನು ತೆರೆಯುವ ಅಧಿಕಾರಿಗೆ ಕನ್ನಡ ಓದಲು ಬಾರದಿದ್ದರೆ ಅದು ಕೇವಲ ಚಿತ್ರ.

ಹೆಸರುಗಳದ್ದು ಇನ್ನೊಂದು ಗೋಳು. ಹೊಳ್ಳ ಎಂಬ ಕುಲನಾಮ ಇಂಗ್ಲಿಷಿಗೆ ಹೋಗುವಾಗ ‘ಳ’ಕಾರ ಕಳೆದುಕೊಳ್ಳುತ್ತದೆ. ಇಂಗ್ಲಿಷಿನಿಂದ ಯಂತ್ರವೋ ಗುಮಾಸ್ತನೋ ಅದನ್ನು ಮಲಯಾಳಕ್ಕೆ ತರುವಾಗ ಹೊಲ್ಲನೋ ಹೋಲನೋ ಆಗಿಬಿಡುತ್ತದೆ. ಪಡಿತರ ಚೀಟಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ತಂಡಪೇರು ಖಾತೆಯಲ್ಲಿ ಇನ್ನೊಂದು. ಕಾಗದದ ಕಾಲದಲ್ಲಿ ಗ್ರಾಮಾಧಿಕಾರಿಗೆ ಮನುಷ್ಯನ ಗುರುತಿರುತ್ತಿತ್ತು, ‘ಇಬ್ಬರೂ ಒಬ್ಬರೇ’ ಎಂದು ಬರೆದುಕೊಡುತ್ತಿದ್ದರು. ಗಣಕಯಂತ್ರ ಅಕ್ಷರಗಳನ್ನು ಮಾತ್ರ ಹೋಲಿಸುತ್ತದೆ. ಒಬ್ಬನೇ ವ್ಯಕ್ತಿಯೆಂದು ಸಾಬೀತುಪಡಿಸುವ ಪ್ರಮಾಣಪತ್ರಕ್ಕಾಗಿ ಈಗ ಇನ್ನೊಂದು ಆನ್‌ಲೈನ್ ಅರ್ಜಿ! ನಮ್ಮಂತಹ ವಕೀಲರಿಗೆ ಇದರಿಂದ ಕೆಲಸ ಹೆಚ್ಚಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅದು ಸಂತೋಷಪಡುವ ಕೆಲಸವಲ್ಲ.

ಅರ್ಜಿಯ ಕೊನೆಯಲ್ಲಿ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆಯೊಂದು ಇರುತ್ತದೆ. ಓದಲು ಬಾರದ ಭಾಷೆಯ ಆ ಸಾಲಿನ ಎದುರು ಅರ್ಜಿ ತುಂಬಿಸಿಕೊಟ್ಟವರು ಗುರುತು ಹಾಕುತ್ತಾರೆ, ಮೊಬೈಲಿಗೆ ಬಂದ ಒಟಿಪಿಯನ್ನು ಅರ್ಜಿದಾರ ಹೇಳುತ್ತಾನೆ. ತಪ್ಪು ವಿವರ ಸೇರಿದ್ದರೆ ಕಾನೂನಿನ ಕಣ್ಣಿಗೆ ಅದು ಅವನದೇ ಹೇಳಿಕೆ.

ತಂತ್ರಜ್ಞಾನಕ್ಕೆ ಇದು ಅಸಾಧ್ಯವೆಂಬ ಸಮಾಧಾನವನ್ನು ಒಪ್ಪಲಾಗದು. ಕನ್ನಡ ಲಿಪಿ ಯುನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಇದೆ. ಗಡಿಯಾಚೆಯ ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಇಪ್ಪತ್ತು ವರ್ಷಗಳ ಹಿಂದೆಯೇ ಕನ್ನಡದಲ್ಲಿ ಗಣಕಕ್ಕೆ ಏರಿದವು. ಕೇರಳದ್ದೇ ಉದಾಹರಣೆ ಬೇಕಾದರೆ, ಕಂದಾಯ, ನೋಂದಣಿ, ಸರ್ವೆ ಇಲಾಖೆಗಳನ್ನು ಒಂದುಗೂಡಿಸುವ ‘ಎನ್ಟೆ ಭೂಮಿ’ ಜಾಲತಾಣ 2024ರಲ್ಲಿ ಮೊದಲು ಬಳಕೆಗೆ ಬಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರ್ ಉಳುವಾರ್ ಗ್ರಾಮದಲ್ಲಿ. ‘ನನ್ನ ಭೂಮಿ’ ಎಂಬ ಆ ಹೆಸರನ್ನು ಕನ್ನಡದಲ್ಲಿಯೂ ಬರೆಯಲು ಇದಕ್ಕಿಂತ ತಕ್ಕ ಗ್ರಾಮ ಯಾವುದಿತ್ತು?

ಕಾನೂನು ನಮ್ಮ ಕಡೆ ಎಷ್ಟಿದೆ ಎಂಬುದನ್ನೂ ಅಳೆದು ನೋಡೋಣ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 6ನೆಯ ಕಲಂ, ಅರ್ಜಿಯನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸಿದರೂ ಸಾಕೆನ್ನುತ್ತದೆ. ಕಾಗದದಲ್ಲಿ ಕೊಡಬಾರದೆಂದು ಅದು ಹೇಳುವುದಿಲ್ಲ. ಬೇರೆ ನಿಯಮವೊಂದು ಆನ್‌ಲೈನನ್ನು ಕಡ್ಡಾಯ ಮಾಡಿರದಿದ್ದರೆ, ‘ಕಂಪ್ಯೂಟರಿನಲ್ಲಿ ಮಾತ್ರ’ ಎಂಬ ಮಾತಿಗೆ ಆ ಕಾಯಿದೆಯಲ್ಲಿ ಆಧಾರ ಹುಡುಕಿ ಪ್ರಯೋಜನವಿಲ್ಲ. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಡಿಜಿಟಲ್ ಸೇವೆಗಳನ್ನು ತಲುಪುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. ಪ್ರಕರಣ ದೃಷ್ಟಿದೋಷ ಮತ್ತು ಆಸಿಡ್ ದಾಳಿಯ ಗಾಯಗಳಿಂದ ಇ-ಕೆವೈಸಿ ಮಾಡಲಾಗದವರದ್ದು. ಆದರೂ ಪ್ರಾದೇಶಿಕ ಭಾಷೆಗಳಲ್ಲಿ ವಿಷಯ ಸಿಗದಿರುವುದು ಜನರನ್ನು ಇ-ಆಡಳಿತದಿಂದ ದೂರವಿಡುತ್ತದೆಂಬುದನ್ನು ನ್ಯಾಯಾಲಯ ಗಮನಿಸಿದೆ. ಆ ತೀರ್ಪನ್ನು ನಮ್ಮ ವಾದಕ್ಕೆ ಬಳಸಿಕೊಳ್ಳಬಹುದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಸಮ್ಮತಿ ಕೇಳುವ ಸೂಚನೆಯನ್ನು ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕೆಂಬ ವಿಧಿಯಿದೆ. ಕನ್ನಡ ಆ ಅನುಸೂಚಿಯಲ್ಲಿದೆ. ಆದರೆ ಆ ಕಾಯಿದೆ ಇನ್ನೂ ಪೂರ್ಣವಾಗಿ ಜಾರಿಯಾಗಿಲ್ಲ, ಮೇಲಾಗಿ ಸರಕಾರ ಸವಲತ್ತು, ಪ್ರಮಾಣಪತ್ರಗಳನ್ನು ಕೊಡುವಾಗ 7ನೆಯ ಕಲಂ ಸಮ್ಮತಿಯ ಅಗತ್ಯವನ್ನೇ ಸಡಿಲಿಸುತ್ತದೆ. ಆದ್ದರಿಂದ ಬ್ಯಾಂಕು, ವಿಮಾ ಸಂಸ್ಥೆಗಳ ಮಟ್ಟಿಗೆ ಅದು ಉಪಯೋಗಕ್ಕೆ ಬಂದೀತು, ಗ್ರಾಮ ಕಚೇರಿಯ ಮಟ್ಟಿಗೆ ಹೆಚ್ಚೇನೂ ನಿರೀಕ್ಷಿಸಬೇಡಿ. ನಮ್ಮ ಬಲವಿರುವುದು 1969ರ ಆ ಹಳೆಯ ಕಲಮಿನಲ್ಲಿಯೇ.

ಬಳಸದ ಹಕ್ಕಿಗೆ ದಾಖಲೆ ಹುಟ್ಟುವುದಿಲ್ಲ. ‘ಕನ್ನಡದಲ್ಲಿ ಅರ್ಜಿ ಯಾರೂ ಕೊಡುತ್ತಿಲ್ಲ’ ಎಂದು ನಾಳೆ ಸರಕಾರದ ವಕೀಲರು ನ್ಯಾಯಾಲಯದಲ್ಲಿ ಹೇಳಿದರೆ ತೋರಿಸಲು ನಮ್ಮಲ್ಲಿ ಏನಾದರೂ ಇರಬೇಕು. ಆನ್‌ಲೈನ್ ಅರ್ಜಿ ಅನಿವಾರ್ಯವಾದಲ್ಲಿ ಅದನ್ನು ಸಲ್ಲಿಸಿರಿ, ಕೆಲಸ ನಿಲ್ಲಬಾರದು. ಜತೆಗೆ ಅದೇ ವಿಷಯವನ್ನು ಕನ್ನಡದಲ್ಲಿ ಬರೆದು, ಆನ್‌ಲೈನ್ ಅರ್ಜಿಯ ಸಂಖ್ಯೆಯನ್ನೂ 3ನೆಯ ಕಲಮನ್ನೂ ಉಲ್ಲೇಖಿಸಿ, ಉತ್ತರ ಕನ್ನಡದಲ್ಲಿ ಬೇಕೆಂದು ನಮೂದಿಸಿ, ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ಹೆಸರನ್ನು ನಿಮ್ಮ ಮೂಲಪತ್ರದಲ್ಲಿರುವಂತೆಯೇ ಬರೆಯಿರಿ. ಡಿಜಿಟಲ್ ಸರ್ವೆಯ ಕರಡು ದಾಖಲೆ ಗ್ರಾಮದಲ್ಲಿ ಪ್ರಕಟವಾದಾಗ ವಿಸ್ತೀರ್ಣವನ್ನು ಮಾತ್ರ ನೋಡಿ ಮನೆಗೆ ಬರಬೇಡಿ. ಜಾಗದ ವರ್ಗ, ಮಾಲಕನ ಹೆಸರು, ತಂದೆಯ ಅಥವಾ ತರವಾಡಿನ ಹೆಸರು, ಮೂರನ್ನೂ ಮೂಲಪತ್ರದೊಡನೆ ಹೋಲಿಸಿ, ನಿಗದಿತ ಅವಧಿಯೊಳಗೆ ಆಕ್ಷೇಪ ಕೊಡಿರಿ. ಅಂತಿಮ ಪ್ರಕಟಣೆಯ ಬಳಿಕ ತಿದ್ದಿಸುವುದು ಬಹಳ ಕಷ್ಟ.

ಇನ್ನೊಂದು ಕೆಲಸ ಹತ್ತು ರೂಪಾಯಿಯಲ್ಲಿ ಆಗುವಂತಹದು. ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಂ, ಸಾರ್ವಜನಿಕರಿಗೆ ತಿಳಿಸುವ ಮಾಹಿತಿಯಲ್ಲಿ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆನ್ನುತ್ತದೆ. ಅದನ್ನೇ ಆಧಾರವಾಗಿಟ್ಟುಕೊಂಡು ನಿಮ್ಮ ಪಂಚಾಯತಿಗೂ ತಾಲೂಕು ಕಚೇರಿಗೂ ಮೂರು ಪ್ರಶ್ನೆ ಕೇಳಿರಿ: ಕಳೆದ ಮೂರು ವರ್ಷಗಳಲ್ಲಿ ಕನ್ನಡದಲ್ಲಿ ಬಂದ ಅರ್ಜಿಗಳೆಷ್ಟು? ಕನ್ನಡದಲ್ಲಿ ಕೊಟ್ಟ ಉತ್ತರಗಳೆಷ್ಟು? ಈಗ ಬಳಸುತ್ತಿರುವ ತಂತ್ರಾಂಶದಲ್ಲಿ ಕನ್ನಡ ಬೇಕೆಂದು ಕಚೇರಿ ಎಂದಾದರೂ ಮೇಲಕ್ಕೆ ಬರೆದಿದೆಯೇ, ಬರೆದಿದ್ದರೆ ಅದರ ಪ್ರತಿ? ಉತ್ತರ ಬಂದವರು ಒಂದು ನಕಲನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ಈ ಅಂಕಣದಲ್ಲಿ ಕಚೇರಿವಾರಾಗಿ ಪ್ರಕಟಿಸುತ್ತೇನೆ.