ಶತ್ರುವಿಗೆ ಸಲ್ಲದ ಹೊಗೆ ಕೂಲಿಕಾರನಿಗೆ ಸಲ್ಲುತ್ತದೆಯೆ?

ಹಲಸೂರು ಕೆರೆಯ ಮಗ್ಗುಲಲ್ಲಿ ಮದರಾಸು ಸ್ಯಾಪರ್ಸ್ ಪಡೆಯ ಕೇಂದ್ರವಿದೆ. ಮುಳ್ಳುತಂತಿಯ ಬೇಲಿ ಸಿಡಿಸುವ ‘ಬೆಂಗಳೂರು ಟಾರ್ಪೆಡೊ’ 1912ರಲ್ಲಿ ಹುಟ್ಟಿದ್ದು ಈ ಪಡೆಯಲ್ಲೇ. ನಮ್ಮ ಊರಿನ ಹೆಸರು ಯುದ್ಧಶಾಸ್ತ್ರಕ್ಕೆ ಸೇರಿದ್ದು ಹೀಗೆ, ಹೆಮ್ಮೆಪಡುವವರು ಪಡಲಿ. ಆ ಪಡೆಯ ಸಿಪಾಯಿ ನಾಳೆ ಯುದ್ಧಕ್ಕೆ ಹೋದರೆ ಶತ್ರುವಿನ ಮೇಲೆ ಗುಂಡು ಹಾರಿಸಬಹುದು, ಸಿಡಿಮದ್ದು ಇಡಬಹುದು. ಅಶ್ರುವಾಯುವಿನ ಒಂದು ಶೆಲ್ಲನ್ನು ಮಾತ್ರ ಎಸೆಯಕೂಡದು. ಹತ್ತಿರದ ಶಿವಾಜಿನಗರದಲ್ಲಿ ಪೋಲೀಸಿನವನು ಅದನ್ನೇ ನಮ್ಮ ನಿಮ್ಮ ಮೇಲೆ ಎಸೆಯಬಹುದು. ಎರಡನ್ನೂ ಹೇಳುವುದು ಒಂದೇ ಕಾಗದ: ಭಾರತವು 1993ರಲ್ಲಿ ಸಹಿ ಹಾಕಿದ, 1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದ.

ಯುದ್ಧದಲ್ಲಿ ಏಕೆ ಬೇಡವೆಂದರು? 1914ರ ಆಗಸ್ಟಿನಲ್ಲಿ ಫ್ರೆಂಚರು ಜರ್ಮನರ ಮೇಲೆ ಕಣ್ಣುರಿಸುವ ವಾಯುವನ್ನು ಬಳಸಿದರು. ಕೊಲ್ಲುವಂಥದಲ್ಲವಲ್ಲ ಎಂಬ ಸಮಾಧಾನ ಅವರಿಗಿತ್ತು. ಮರುವರ್ಷದ ಏಪ್ರಿಲ್ 22ರಂದು ಬೆಲ್ಜಿಯಮಿನ ಈಪ್ರ್ ಊರಿನ ಬಳಿ ಜರ್ಮನರು ಕ್ಲೋರಿನ್ ಬಿಟ್ಟರು. ಬಟ್ಟೆಗೆ ಬಿಳುಪು ಕೊಡುವ ಪುಡಿಯ ಘಾಟನ್ನು ಮಿಲ್ಲಿನವರು ಬಲ್ಲರು. ಅದೇ ಕ್ಲೋರಿನ್ ಮೋಡವಾಗಿ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬಿ ಮನುಷ್ಯ ಒಣನೆಲದ ಮೇಲೆ ಮುಳುಗಿ ಸಾಯುತ್ತಾನೆ. ನಾಲ್ಕು ದಿನದ ಮೇಲೆ ಅಲ್ಲಿಗೆ ಬಂದ ಲಾಹೋರ್ ಡಿವಿಜನ್ನಿನ ಸಿಪಾಯಿಗಳು, ನಮ್ಮ ದೇಶದ ರೈತರ ಮಕ್ಕಳು, ಸರಿಯಾದ ಮುಖವಾಡವಿಲ್ಲದೆ ಆ ವಿಷವನ್ನು ಕುಡಿದರು. ಬಳಿಕ ಬಣ್ಣದ ಕಾರ್ಖಾನೆಗಳಿಗೆ ಪರಿಚಿತವಾದ ಫಾಸ್ಜೀನ್ ಬಂತು. 1917ರಲ್ಲಿ ಮೈಯೆಲ್ಲ ಗುಳ್ಳೆ ಏಳಿಸುವ ಮಸ್ಟರ್ಡ್. 1930ರ ದಶಕದಲ್ಲಿ ಕೀಟನಾಶಕ ಹುಡುಕುತ್ತಿದ್ದ ಜರ್ಮನ್ ರಸಾಯನಜ್ಞರಿಗೆ ಟಾಬುನ್, ಸಾರಿನ್ ಸಿಕ್ಕವು. ಇವು ನರಗಳನ್ನು ಹಿಡಿದು ಉಸಿರನ್ನೇ ನಿಲ್ಲಿಸುತ್ತವೆ. ಭಾರತವೂ ಶುದ್ಧವಾಗಿರಲಿಲ್ಲ: 1,044 ಟನ್ ಮಸ್ಟರ್ಡ್ ಇದೆಯೆಂದು 1997ರಲ್ಲಿ ಒಪ್ಪಿಕೊಂಡು 2009ರ ಹೊತ್ತಿಗೆ ಅದನ್ನು ನಾಶಮಾಡಿತು. ಅದು ಒಳ್ಳೆಯ ಕೆಲಸ.

ಹೊಗೆ ಕಂಡ ಸೈನಿಕನಿಗೆ ಅದು ಯಾವ ಹೊಗೆಯೆಂದು ತಿಳಿಯದು. ಕೊಲ್ಲುವ ವಾಯುವೆಂದೇ ಬಗೆದು ಅಂಥದನ್ನೇ ತಿರುಗಿ ಬಿಡುತ್ತಾನೆ. ಯುದ್ಧದಲ್ಲಿ ಅಶ್ರುವಾಯು ಬೇಡವೆನ್ನಲು ಈ ಭಯವೇ ಮುಖ್ಯ ಕಾರಣ. ಬೀದಿಯ ಕೂಲಿಕಾರನಲ್ಲಿ ತಿರುಗಿ ಬಿಡಲು ಏನೂ ಇಲ್ಲ. ಒಪ್ಪಂದದ ಆಸರೆ ಅವನಿಗೆ ಸಿಗಲೂ ಇಲ್ಲ.

ಗುಂಡಿಗಿಂತ ಹೊಗೆ ಮೇಲಲ್ಲವೆ ಎಂದು ಕೇಳುವವರುಂಟು. ಮೇಲು, ಗುಂಡಿನ ಬದಲಿಗೆ ಬಂದರೆ. 2020ರ ಆಗಸ್ಟ್ 11ರ ರಾತ್ರಿ ಡಿ.ಜೆ.ಹಳ್ಳಿಯಲ್ಲಿ ಹೊಗೆಯೂ ಬಂತು, ಹಿಂದೆಯೇ ಗುಂಡೂ ಬಂತು. ಅಂದು ಠಾಣೆಗೆ ಬೆಂಕಿಯಿಟ್ಟವರನ್ನು ನಾವು ಸಮರ್ಥಿಸುವವರಲ್ಲ. ಆದರೆ 2016ರ ಏಪ್ರಿಲಿನಲ್ಲಿ ಊರಿನ ದಕ್ಷಿಣಕ್ಕೆ, ಹೊಸೂರು ರಸ್ತೆಗೆ ಇಳಿದ ಗಾರ್ಮೆಂಟ್ ಹೆಣ್ಣುಮಕ್ಕಳು ಕೇಳಿದ್ದೇನು? ತಮ್ಮದೇ ಭವಿಷ್ಯನಿಧಿಯ ಹಣಕ್ಕೆ ಬೀಗ ಹಾಕಬೇಡಿ ಎಂದರು. ಅಲ್ಲಿ ಕಲ್ಲೂ ತೂರಿತು, ಬಸ್ಸೂ ಸುಟ್ಟಿತು, ನಿಜ. ಲಾಠಿ, ಅಶ್ರುವಾಯು ಮಾತ್ರ ಕಲ್ಲೆಸೆದವರನ್ನು ಆರಿಸಿ ಬೀಳಲಿಲ್ಲ. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ನ್ಯಾಯ ಯಾರ ಕಡೆಗಿತ್ತೆಂದು ಸರ್ಕಾರವೇ ಹೇಳಿದಂತಾಯಿತು.

ಇನ್ನು, ವಾಯು ಎಂಬ ಹೆಸರೇ ಸರಿಯಲ್ಲ. ಪೋಲೀಸರು ಬಳಸುವ ಸಿಎಸ್, ಸಿಎನ್ ಎಂಬವು ನುಣ್ಣನೆಯ ಪುಡಿಗಳು. ಹೊಗೆಯಾಗಿ ಹರಡಿ ಬಟ್ಟೆಯ ಮೇಲೆ, ಗೋಡೆಯ ಮೇಲೆ ಕೂರುತ್ತವೆ. ರಸೆಲ್ ಮಾರ್ಕೆಟ್ಟಿನ ಸುತ್ತಲಿನ ಓಣಿಗಳಂಥ ಇಕ್ಕಟ್ಟಿನಲ್ಲಿ ಒಂದು ಶೆಲ್ ಬಿದ್ದರೆ ಬೀದಿಯವನು ಓಡಬಹುದು, ಅಂಗಡಿಯವನು ಎಲ್ಲಿಗೆ ಓಡಿಯಾನು? ತರಕಾರಿ ಯಾರು ಕೊಂಡಾರು? ಉಬ್ಬಸದವರ ಪಾಡು ಹೇಳಲೇಬೇಕಿಲ್ಲ.

ಒಪ್ಪಂದದಲ್ಲಿ ಇನ್ನೊಂದು ಮಾತುಂಟು. ಪೋಲೀಸರಿಗೆಂದು ಇಟ್ಟುಕೊಂಡ ಇಂಥ ಪ್ರತಿಯೊಂದು ರಾಸಾಯನಿಕದ ಹೆಸರನ್ನೂ ಸರ್ಕಾರ ಹೇಗ್ ನಗರದ ಸಂಸ್ಥೆಗೆ ತಿಳಿಸಬೇಕು. ಕಣ್ಣು ಉರಿದವನಿಗೆ ತಿಳಿಸಬೇಕೆಂದು ಅದು ಹೇಳುವುದಿಲ್ಲ. ಪರದೇಶದ ಕಚೇರಿಗೆ ಕೊಡುವ ಪಟ್ಟಿ ನಮಗೇಕಿಲ್ಲ? ನಾವು ಕೇಳುವುದಿಷ್ಟು: ಯಾವ ದಿನ, ಯಾವ ಬೀದಿಯಲ್ಲಿ, ಯಾವ ಪುಡಿಯ ಎಷ್ಟು ಶೆಲ್ಲು, ಯಾರ ಆಜ್ಞೆಯಿಂದ ಎಂಬುದನ್ನು ಎರಡು ದಿನದೊಳಗೆ ಪೋಲೀಸ್ ಕಮಿಷನರರ ಕಚೇರಿ ಪ್ರಕಟಿಸಲಿ. ಮಾರುಕಟ್ಟೆಯ ಓಣಿಗಳಲ್ಲಿ, ಕಾರ್ಖಾನೆಯ ಗೇಟಿನೊಳಗೆ ಎಸೆಯುವುದು ನಿಲ್ಲಲಿ. ಹೊಗೆ ಕುಡಿದವರು ಮೊದಲು ಹೋಗುವ ಬೌರಿಂಗ್ ಆಸ್ಪತ್ರೆಯ ವೈದ್ಯರಿಗೆ ಆ ಪುಡಿಯ ಹೆಸರು ಅದೇ ಗಂಟೆಯಲ್ಲಿ ತಲುಪಲಿ.