ಗಣಕಯಂತ್ರದ ತಾಪವೂ ತೊಗರಿಕಾಳಿನಷ್ಟು ಲೇಪವೂ

ಕೆಲವು ವರ್ಷ ದುಡಿದ ಗಣಕಯಂತ್ರವು ಬಿಸಿಯೇರಿ, ಫ್ಯಾನಿನ ಸದ್ದು ಹೆಚ್ಚಿ, ಕೆಲಸದಲ್ಲಿ ಮಂದವಾದೊಡನೆ, ‘ಇದಕ್ಕೆ ವಯಸ್ಸಾಯಿತು, ಹೊಸದನ್ನು ಕೊಳ್ಳೋಣ’ ಎಂಬ ಮಾತು ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಕೇಳಿಬರುವುದುಂಟು. ಈ ತೀರ್ಪು ಅನೇಕ ವೇಳೆ ಆತುರದ್ದೆಂಬುದು ನಮ್ಮ ಅಭಿಪ್ರಾಯ. ಯಂತ್ರವನ್ನು ತ್ಯಜಿಸುವ ಮುನ್ನ ಅದರ ಧೂಳನ್ನು ತೆಗೆದು, ಪ್ರೊಸೆಸರಿನ ಮೇಲಣ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿ ನೋಡತಕ್ಕದ್ದು. ಮೇಲಾಗಿ ಈ ಕೆಲಸವನ್ನು ವಿದ್ಯಾರ್ಥಿನಿಯರು ಸ್ವಹಸ್ತದಿಂದ ಮಾಡಲು ಕಲಿಯತಕ್ಕದ್ದು.

ಈ ಲೇಪದ ಪ್ರಯೋಜನವೇನು? ಪ್ರೊಸೆಸರಿನಲ್ಲಿ ಹುಟ್ಟುವ ಶಾಖವನ್ನು ಅದರ ಮೇಲೆ ಕುಳಿತ ಹೀಟ್ ಸಿಂಕ್ ಎಂಬ ಲೋಹಖಂಡವು ಹೀರಿ ಗಾಳಿಗೆ ಬಿಡುವುದು. ಇವೆರಡರ ಮುಖಗಳು ಕಣ್ಣಿಗೆ ನುಣುಪಾಗಿ ತೋರಿದರೂ ಅವುಗಳಲ್ಲಿ ಅತಿಸೂಕ್ಷ್ಮವಾದ ತಗ್ಗುದಿಣ್ಣೆಗಳಿವೆ. ಆ ತಗ್ಗುಗಳಲ್ಲಿ ಗಾಳಿ ನಿಲ್ಲುವುದು. ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್ ಎಂಬ ಮಾನದಲ್ಲಿ ತಾಮ್ರದ ಉಷ್ಣವಾಹಕತೆ ಸುಮಾರು 400. ಗಾಳಿಯದು ಸುಮಾರು 0.026 ಮಾತ್ರ. ಹೀಗಿರಲು, ಆ ತೆಳು ಗಾಳಿಯೇ ಶಾಖದ ದಾರಿಗೆ ಕಟ್ಟಿದ ಗೋಡೆಯಾಗುವುದು. ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್ ಅಥವಾ ಅಲ್ಯೂಮಿನಿಯಂ ಆಕ್ಸೈಡಿನ ಪುಡಿಯನ್ನು ಕಲಸಿದಂತಹ ಪೇಸ್ಟು ಆ ಗಾಳಿಯನ್ನು ಹೊರದೂಡಿ ತಾನು ಅಲ್ಲಿ ನೆಲೆಸುವುದು.

ಆದರೆ ಪೇಸ್ಟು ಗಾಳಿಗಿಂತ ಮೇಲಾದರೂ ಲೋಹಕ್ಕೆ ಸಮನಲ್ಲ. ಆದಕಾರಣ ದಪ್ಪನಾಗಿ ಬಳಿದಷ್ಟೂ ತಂಪು ಹೆಚ್ಚುವುದೆಂಬುದು ಭ್ರಮೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಲ್ಲಿಯೂ ಸಲ್ಲುವುದು.

2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಪತ್ರಿಕೆಯವರು, ನಡೆಯುತ್ತಿರುವ ಯಂತ್ರಗಳಿಂದ ಹೀಟ್ ಸಿಂಕನ್ನು ತೆಗೆದು ಪರೀಕ್ಷಿಸಿದರು. ಅಥ್ಲಾನ್ ಪ್ರೊಸೆಸರು ಸುಟ್ಟುಹೋಯಿತು. ಪೆಂಟಿಯಂ 4 ತನ್ನ ವೇಗವನ್ನು ತಗ್ಗಿಸಿಕೊಂಡು ಬದುಕಿ ಉಳಿಯಿತು. ಇಂದಿನ ಪ್ರೊಸೆಸರುಗಳೆಲ್ಲ ಈ ಎರಡನೆಯ ಮಾರ್ಗವನ್ನೇ ಹಿಡಿದಿವೆ. ಇಂಟೆಲಿನ ಅನೇಕ ಪ್ರೊಸೆಸರುಗಳಿಗೆ 100 ಡಿಗ್ರಿ ಸೆಲ್ಸಿಯಸ್ ಮೇರೆಯಾಗಿದೆ. ಯಂತ್ರವು ಸುಡದೆ ಕೇವಲ ನಿಧಾನವಾಗುವುದರಿಂದಲೇ ಶಾಖದ ಬಾಧೆಯನ್ನು ನಾವು ಮುಪ್ಪೆಂದು ತಪ್ಪು ತಿಳಿಯುವೆವು.

ಕೆಲಸದ ಕ್ರಮವು ಕಠಿಣವಲ್ಲ. ವಿದ್ಯುತ್ತನ್ನು ಕಡಿದು, ಲ್ಯಾಪ್‌ಟಾಪಾದರೆ ಬ್ಯಾಟರಿಯ ಜೋಡಣೆಯನ್ನೂ ಬಿಡಿಸಿ, ಹೀಟ್ ಸಿಂಕನ್ನು ಮೆಲ್ಲನೆ ಎತ್ತಬೇಕು. ಒಣಗಿದ ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಎರಡು ಮುಖಗಳಿಂದಲೂ ಒರಸಬೇಕು. ಸಾಧಾರಣ ಮೇಜಿನ ಗಣಕಕ್ಕೆ ತೊಗರಿಕಾಳಿನಷ್ಟು ಪೇಸ್ಟನ್ನು ನಡುವೆ ಇಟ್ಟು, ಹೀಟ್ ಸಿಂಕನ್ನು ನೇರವಾಗಿ ಇಳಿಸಿ, ಎದುರುಬದುರಿನ ತಿರುಪುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಒತ್ತಡದಿಂದ ಲೇಪವು ತಾನೇ ಹರಡುವುದು. ಗ್ಯಾಲಿಯಂ ಬೆರೆತ ದ್ರವಲೋಹವನ್ನು ಮಾತ್ರ ಕಲಿಯುವವರು ಮುಟ್ಟದಿರುವುದು ಲೇಸು. ಅದು ಅಲ್ಯೂಮಿನಿಯಮನ್ನು ಕೆಡಿಸುವುದು, ವಿದ್ಯುತ್ತನ್ನೂ ಹರಿಸುವುದು.

‘ಹೆಣ್ಣುಮಕ್ಕಳ ಕೈಗೆ ತಿರುಪುಳಿ ಏಕೆ? ಅಂಗಡಿಗೆ ಕೊಟ್ಟರಾಗದೆ?’ ಎಂದು ಕೆಲವರು ಆಕ್ಷೇಪಿಸಬಹುದು. ವಾರಂಟಿ ತೀರದ ಯಂತ್ರವನ್ನು ಅಂಗಡಿಗೇ ಒಪ್ಪಿಸುವುದು ಯುಕ್ತವೆಂದು ನಾವೂ ಒಪ್ಪುವೆವು. ಮಂದಗತಿಗೆ ಶಾಖವೊಂದೇ ಕಾರಣವಲ್ಲವೆಂಬುದೂ ದಿಟ. ಬಿಸಿಯನ್ನು ಅಳೆದು ನೋಡದೆ ಯಂತ್ರವನ್ನು ಬಿಚ್ಚುವುದು ಚಪಲವೇ ಸರಿ. ಆದರೆ ಕಸೂತಿಯ ಎಳೆಯನ್ನು ತಪ್ಪದೆ ಹಿಡಿಯುವ ಬೆರಳುಗಳು ನಾಲ್ಕು ತಿರುಪುಗಳನ್ನು ಸಮನಾಗಿ ಬಿಗಿಯಲಾರವೆಂಬ ವಾದವನ್ನು ನಾವು ಒಪ್ಪಲಾರೆವು. ಯಂತ್ರವನ್ನು ಬಳಸಲು ಮಾತ್ರ ಕಲಿತವಳು ಕೆಟ್ಟ ದಿನ ಪರರ ಮುಖ ನೋಡುವಳು. ಅದರ ಒಳಗನ್ನು ಅರಿತವಳು ಕಾರಣವನ್ನು ಹುಡುಕುವಳು. ವಿಜ್ಞಾನದ ಪಾಠದಲ್ಲಿ ಕಂಠಪಾಠವಾಗಿದ್ದ ‘ಉಷ್ಣವಹನ’ವು ಆಗ ಅವಳ ಕೈಯಲ್ಲಿ ವಿದ್ಯೆಯಾಗುವುದು.

ನಮ್ಮ ದೇಶದಲ್ಲಿ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಕಸವಾದುದನ್ನು ಕ್ರಮವಾಗಿ ವಿಲೇವಾರಿ ಮಾಡುವುದು ಅಗತ್ಯವೇ. ಕಸವಾಗುವ ಮೊದಲೇ ಉಳಿಸಿಕೊಳ್ಳುವುದು ಅದಕ್ಕಿಂತಲೂ ಮೇಲು. ಆದುದರಿಂದ ಪ್ರತಿಯೊಂದು ಶಾಲೆಯೂ ಹಳೆಯ ಗಣಕವೊಂದನ್ನು ಮಾರಿಬಿಡದೆ ಇಂತಹ ಅಭ್ಯಾಸಕ್ಕಾಗಿ ಮೀಸಲಿಡಲಿ. ಅದರ ಮುಂದೆ ತಿರುಪುಳಿ ಹಿಡಿದು ಕೂರಲು ವಿದ್ಯಾರ್ಥಿನಿಯರನ್ನು ಹೆತ್ತವರೂ ಗುರುಗಳೂ ಹುರಿದುಂಬಿಸಲಿ ಎಂದು ನಾವು ಕೋರುವೆವು.